ಕೊರಡು ಕಟ್ಟಿಕೊಂಡ ವಿಮಾನ

ಹೆಂಡತಿಯ ಬಗ್ಗೆ ನಾಲ್ಕು ಜನರ ಮುಂದೆ ಬಾಯ್ತುಂಬ ಹೊಗಳಿ ಮಾತಾಡುವ ಗಂಡಂದಿರನ್ನು ನಾನು ಹೆಚ್ಚು ಕಂಡಿಲ್ಲ. ಅಡುಗೆಯನ್ನೇನೋ ಹೊಗಳುತ್ತೇವೆ, ಅದೂ ಊಟಕ್ಕೆ ಬಂದವರು ಮೊದಲು ಹೊಗಳಿದ ಮೇಲೆ. ಅದರಾಚೆ ಅವಳಿಗೆ ಇನ್ನೇನೋ ಬರುತ್ತದೆ ಎಂದುಬಿಟ್ಟರೆ ನಮಗೆ ಅದು ಬರುವುದಿಲ್ಲವೆಂದು ಒಪ್ಪಿಕೊಂಡಂತೆ ಆಗುತ್ತದಲ್ಲ, ಕಷ್ಟವಿರುವುದು ಅಲ್ಲೇ. ನಾನು ಇವರೆಲ್ಲರಿಗಿಂತ ಒಂದು ಹೆಜ್ಜೆ ಮುಂದೆ ಹೋದವನು. ನನ್ನ ಹೆಂಡತಿ ಗಿರಿಜಾ ವಿಮಾನ ಹಾರಿಸುತ್ತಾಳೆ. ನಾನು ಎರಡು ವರ್ಷ ಕೊಪ್ಪಳದ ನಮ್ಮ ಕಚೇರಿಯಲ್ಲಿ ಅದನ್ನು ಹಾರಿಸುವವನು ನಾನೇ ಎಂದು ಹೇಳಿಕೊಂಡು ತಿರುಗಿದೆ.

ವಿಮಾನವೆಂದರೆ ನೀವು ನಾವು ಹತ್ತುವಂಥದ್ದಲ್ಲ. ಥರ್ಮಾಕೋಲ್ ಹಾಳೆ ಕೊಯ್ದು ಅಂಟಿಸಿದ ಮೈ, ಮೂರು ಮೊಳ ಅಗಲದ ರೆಕ್ಕೆ, ಮೂಗಿಗೆ ಒಂದು ಪಂಖ, ಹೊಟ್ಟೆಯಲ್ಲಿ ಬ್ಯಾಟರಿ. ನೆಲದ ಮೇಲೆ ನಿಂತು ಕೈಯಲ್ಲಿರುವ ರಿಮೋಟಿನಿಂದ ಹಾರಿಸುವುದು. ಗಿರಿಜಾ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ಮೊದಲನೆಯದನ್ನು ಪಾಠಕ್ಕೆಂದು ಮಾಡಿದಳು. ಎರಡನೆಯದನ್ನು ಯಾಕೆ ಮಾಡಿದಳೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅಂದಿನಿಂದ ಭಾಗ್ಯನಗರದ ನಮ್ಮ ಮನೆಯಲ್ಲಿ ಅಲಮಾರಿನ ಮೇಲಿನ ಜಾಗ ವಿಮಾನದ್ದು, ಅಲ್ಲಿದ್ದ ನನ್ನ ಸೂಟ್‌ಕೇಸು ಮಂಚದ ಕೆಳಗೆ.

ಸುಳ್ಳು ಶುರುವಾದದ್ದು ಹೀಗೆ. ಒಂದು ಭಾನುವಾರ ಅವಳು ಸ್ಕೂಟರ್ ಓಡಿಸುತ್ತಿದ್ದಳು, ನಾನು ಹಿಂದೆ ವಿಮಾನವನ್ನು ಹಸುಗೂಸಿನಂತೆ ತಬ್ಬಿಕೊಂಡು ಕೂತಿದ್ದೆ. ಕಚೇರಿಯವರು ಯಾರೋ ನೋಡಿದರು. ಸೋಮವಾರ ಚಹದ ಹೊತ್ತಿಗೆ, ವಿಮಾನ ಹಾರಸ್ತೀರಂತಲ್ರೀ, ಅಂದರು. ನಾನು ಬರೀ ಹೂಂ ಅಂದೆ. ಆ ಹೂಂ ದಿನಕ್ಕಿಷ್ಟು ಬೆಳೆಯಿತು. ಎದುರುಗಾಳಿಯಲ್ಲಿ ಮೂಗು ಎಷ್ಟು ಎತ್ತಬೇಕು, ಇಳಿಸುವಾಗ ಉಸಿರು ಹೇಗೆ ಹಿಡಿಯಬೇಕು ಎಂದೆಲ್ಲ ನಾನು ಹೇಳುತ್ತಿದ್ದರೆ ಇಡೀ ಸೆಕ್ಷನ್ ಕೈಲಿದ್ದ ಕಡತ ಕೆಳಗಿಟ್ಟು ಕೇಳುತ್ತಿತ್ತು. ನಮ್ಮ ಸೂಪರಿಂಟೆಂಡೆಂಟ್ ಶೇಖರಪ್ಪನವರು ಮಾತ್ರ ಮೀಸೆಯೊಳಗೇ ನಗುತ್ತಿದ್ದರು. ಮೆಚ್ಚುಗೆ ಎಂದುಕೊಂಡಿದ್ದೆ.

ಇನ್ನು ಗಿರಿಜಾಳ ತಾಪತ್ರಯವೇ ಬೇರೆ. ನಮ್ಮ ಸೀಮೆಯ ನೆಲಕ್ಕೂ ವಿಮಾನದ ಗಾಲಿಗೂ ಕೂಡಿ ಬರಲಿಲ್ಲ. ಕುಕನೂರಿನ ಎರೆಹೊಲದಲ್ಲಿ ಇಳಿಸಿದರೆ ಗಾಲಿ ಬಿರುಕಿನೊಳಗೆ ಸಿಕ್ಕಿ ವಿಮಾನ ಬೋರಲು ಬಿತ್ತು. ಶ್ರೀರಾಮನಗರದಲ್ಲಿ ಪರಿಚಯದ ಸುಬ್ಬಾರಾಯರ ಗದ್ದೆಯಿದೆ. ಮಾಗಿಯಲ್ಲಿ ಭತ್ತ ಕೊಯ್ದ ಮೇಲೆ ಕಣ್ಣು ಹಾಯುವಷ್ಟು ಬಯಲು. ಹಿಂದಿನ ವರ್ಷ ಅಲ್ಲಿ ಗಾಲಿಗೆ ಹುಲ್ಲು ಸುತ್ತಿಕೊಂಡು ಪಂಖ ಮುರಿಯಿತು. ಆಮೇಲೆ ಅವಳು ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದಳು. ಯಾವುದೋ ಚಳಿದೇಶ, ಮೊಣಕಾಲುಮಟ್ಟ ಹಿಮ, ಮೂಗು ಕೆಂಪಾದ ಮುದುಕರು. ಅವರ ಪುಟ್ಟ ವಿಮಾನಗಳಿಗೆ ಗಾಲಿಯೇ ಇಲ್ಲ! ಅದರ ಬದಲು ಮುಂದಿನ ತುದಿ ಮೇಲಕ್ಕೆ ಬಾಗಿದ ಎರಡು ಪಟ್ಟಿ. ಹಿಮದ ಮೇಲೆ ಸರ್ರನೆ ಜಾರಿ ಏರುತ್ತವೆ, ಸರ್ರನೆ ಜಾರಿ ಇಳಿಯುತ್ತವೆ. ಹಿಮ ಎಲ್ಲಿಂದ ತರ್ತಿ, ಫ್ರಿಜ್ ಕೆರೆದು ತರ್ತೀಯೇನು ಎಂದು ನಾನು ನಕ್ಕೆ. ಅವಳು ನಗಲಿಲ್ಲ.

"ಕೊರಡಿಗೆ ಗಾಲಿ ಐತೇನ್ರಿ?" ಅಂದಳು. "ಸಣ್ಣಾಕಿದ್ದಾಗ ಕೊರಡಿನ ಮ್ಯಾಲ ಕುಂತು ಹೊಲ ತುಂಬ ಜಾರೀನಿ ನಾ. ಹಸಿ ಹುಲ್ಲಿನ ಮ್ಯಾಲ ಇದೂ ಜಾರತೈತಿ."

ಮಣ್ಣಿನ ಹೆಂಟೆ ಒಡೆದು ನೆಲ ಸಮ ಮಾಡಲು ಎತ್ತಿನ ಹಿಂದೆ ಕಟ್ಟಿ ಎಳೆಯುವ ದಿಮ್ಮಿಯೇ ಕೊರಡು. ಅವಳು ಯಲಬುರ್ಗಾ ಕಡೆಯ ಒಕ್ಕಲುತನದ ಮನೆಯವಳು. ಕೊರಡಿಗೆ ಭಾರ ಬೇಕೆಂದು ಮಕ್ಕಳನ್ನು ಅದರ ಮೇಲೆ ಕೂರಿಸುತ್ತಿದ್ದರಂತೆ. ನಾನೂ ಹೊಲ ನೋಡಿದವನೇ, ನಾನೂ ಕೊರಡಿನ ಮೇಲೆ ಕೂತವನೇ. ನನಗೆ ಹೊಳೆಯದ್ದು ಅವಳಿಗೆ ಹೊಳೆಯಿತು. ಕಿನ್ನಾಳದ ಗೊಂಬೆ ಮಾಡುವವರೊಬ್ಬರಿಂದ ಹಗುರ ಮರದ ಎರಡು ತುಂಡು ತಂದಳು. ದೀಪಾವಳಿಯಿಂದ ದಿನಾ ಸಂಜೆ ಕೂತು ಕೆತ್ತಿದಳು, ಉಪ್ಪುಕಾಗದದಲ್ಲಿ ಉಜ್ಜಿದಳು, ತಳಕ್ಕೆ ಮೇಣದಬತ್ತಿ ತಿಕ್ಕಿ ತಿಕ್ಕಿ ಕನ್ನಡಿ ಮಾಡಿದಳು. ಬೆರಳಿಟ್ಟರೆ ಬೆರಳೇ ಜಾರುತ್ತಿತ್ತು. ಗಾಲಿ ಕಿತ್ತು ಆ ಎರಡು ಪುಟ್ಟ ಕೊರಡುಗಳನ್ನು ವಿಮಾನಕ್ಕೆ ಕಟ್ಟಿದಳು. ಬೆಳಿಗ್ಗೆ ಇಬ್ಬನಿ ಇರುವಾಗ ಮಾತ್ರ ಹುಲ್ಲು ಜಾರುತ್ತದೆ, ಬಿಸಿಲೇರಿ ಆರಿದರೆ ಇಲ್ಲ ಎಂಬುದನ್ನೂ ಗದ್ದೆಗೆ ಹೋಗಿ ಬರಿಗಾಲಲ್ಲಿ ನಡೆದು ಕಂಡುಕೊಂಡಳು.

ನಾನು ಇದನ್ನೂ ಕಚೇರಿಯಲ್ಲಿ ನನ್ನದೇ ಸಂಶೋಧನೆಯೆಂದು ವಿವರಿಸಿದೆ. ಶೇಖರಪ್ಪನವರು ಚಹ ಮುಗಿಸಿ, ಈ ಭಾನುವಾರ ಮನೆಯವರನ್ನು ಕರಕೊಂಡು ಶ್ರೀರಾಮನಗರಕ್ಕೆ ಬರ್ತೀನಿ, ನೀವು ಹಾರಿಸೋದು ನೋಡೇಬಿಡೋಣ ಅಂದರು. ನಾನು ಮತ್ತೆ ಬರೀ ಹೂಂ ಅಂದೆ.

ಗದ್ದೆಗೆ ಹತ್ತಿರವೆಂದು ಶನಿವಾರ ಸಂಜೆ ಗಂಗಾವತಿಯಲ್ಲಿರುವ ಗಿರಿಜಾಳ ತಂಗಿಯ ಮನೆಗೆ ಹೋಗಿ ಉಳಿದೆವು. ಮಾಳಿಗೆಯ ಮೇಲೆ ಗಿರಿಜಾ ಒಬ್ಬಳೇ ಇದ್ದಾಗ ಎರಡು ವರ್ಷದ್ದನ್ನೆಲ್ಲ ಒಪ್ಪಿಸಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಚೀಲದಿಂದ ರಿಮೋಟ್ ತೆಗೆದು ಕೊಟ್ಟು, "ಹಂಗಾರ ನೀವ ಹಾರಸ್ರಿ, ಕಲಸ್ತೀನಿ" ಅಂದಳು. ಬೈದಿದ್ದರೇ ಚೆನ್ನಾಗಿತ್ತು. ವಿಮಾನ ನಮ್ಮಿಂದ ದೂರ ಹೋಗುವಾಗ ಎಡ ಎಡವೇ, ನಮ್ಮ ಕಡೆ ಬರುವಾಗ ಎಡ ಬಲವಾಗುತ್ತದೆ. ಬಂದ್ ಮಾಡಿದ ರಿಮೋಟ್ ಹಿಡಿದು ನಾನು ಕತ್ತಲಾಗುವವರೆಗೆ ಮಾಳಿಗೆಯ ತುಂಬ ಎಡಕ್ಕೂ ಬಲಕ್ಕೂ ವಾಲುತ್ತ ಓಡಾಡಿದೆ. ಊಟಕ್ಕೆ ಕೂತಾಗ ಬಲಗೈ ಯಾವುದೆಂಬುದೇ ಅನುಮಾನವಾಗತೊಡಗಿತ್ತು. ನಾನು ಹಾರಿಸಿದರೆ ಅವಳ ಅಷ್ಟು ಸಂಜೆಗಳ ವಿಮಾನ ಹೋಗುತ್ತದೆ, ಹಾರಿಸದಿದ್ದರೆ ನನ್ನ ಮಾನ ಹೋಗುತ್ತದೆ. ನಾಚಿಕೆಯ ಮಾತು, ಆದರೂ ಹೇಳುತ್ತೇನೆ: ಆಗ ನನಗೆ ನನ್ನ ಮಾನವೇ ದೊಡ್ಡದಾಗಿ ಕಂಡಿತು.

ಭಾನುವಾರ ಹೊತ್ತು ಹುಟ್ಟುವ ಮೊದಲೇ ಗದ್ದೆಯಲ್ಲಿದ್ದೆವು. ಹಲ್ಲು ಕಟಕಟ ಅನ್ನುವ ಚಳಿ. ಯಂತ್ರ ಕೊಯ್ದು ಚೆಲ್ಲಿದ ಹುಲ್ಲಿನ ಮೇಲೆ ಇಬ್ಬನಿ ಬೆಳ್ಳಗೆ ಹಾಸಿತ್ತು. ಗಿರಿಜಾ ಗಾಳಿ ನೋಡಲು ಬದುವಿನ ಮೇಲೆ ಹೋದಳು. ವಿಮಾನದ ಕಾವಲಿಗೆ ಸುಬ್ಬಾರಾಯರ ಕೊಟ್ಟಿಗೆಯ ಹತ್ತಿರ ನಾನಿದ್ದೆ. ಅಲ್ಲಿ ಹಳೆಯ ಬಂಡಿಯ ಪಕ್ಕ ಕೀಲೆಣ್ಣೆಯ ಡಬ್ಬಿ ಕಂಡಿತು. ಬಂಡಿಯ ಅಚ್ಚಿಗೆ ಕೀಲೆಣ್ಣೆ ಹಚ್ಚದೆ ನಮ್ಮ ಮನೆಯಲ್ಲಿ ಯಾರೂ ಹೊರಗೆ ಹೊರಟವರಲ್ಲ. ಸುಸೂತ್ರವಾಗಿ ಜಾರಲಿ, ಏನಿದ್ದರೂ ಹಾರಿಸುವವನು ನಾನಲ್ಲವೇ ಎಂದು ಎರಡೂ ಕೊರಡಿನ ತಳಕ್ಕೆ ಧಾರಾಳವಾಗಿ ಬಳಿದುಬಿಟ್ಟೆ.

ಶೇಖರಪ್ಪನವರ ಕಾರು ಬರುವಷ್ಟರಲ್ಲಿ ಬಿಸಿಲು ಬಿದ್ದಿತ್ತು. ಅವರು, ಅವರ ಮನೆಯವರು, ಜೊತೆಗೆ ಸುಬ್ಬಾರಾಯರು ಸಾಲಾಗಿ ನಿಂತರು. ಗಿರಿಜಾ ರಿಮೋಟನ್ನು ನನ್ನ ಕೈಗಿತ್ತಳು. ನಾನು ಗಂಭೀರವಾಗಿ ಕೆಮ್ಮಿ ಪಂಖ ತಿರುಗಿಸಿದೆ. ವಿಮಾನ ಒಂದು ಮಾರು ತೆವಳಿತು, ನಿಂತಿತು. ಇನ್ನಷ್ಟು ಜೋರು ಮಾಡಿದೆ. ಬೊರ್ರೆಂದು ಕೂಗಿತೇ ಹೊರತು ಜಾಗ ಬಿಡಲಿಲ್ಲ. ಗಿರಿಜಾ ಓಡಿಹೋಗಿ ಎತ್ತಿ ತಿರುಗಿಸಿದಳು. ಕನ್ನಡಿಯಂತಿದ್ದ ಕೊರಡುಗಳ ತಳಕ್ಕೆ ಹೊಟ್ಟು, ಹುಲ್ಲು, ಜೊಳ್ಳು ಎಲ್ಲ ಮೆತ್ತಿಕೊಂಡು ಎಳ್ಳು ಹಚ್ಚಿದ ಸಜ್ಜೆರೊಟ್ಟಿಯಾಗಿದ್ದವು. ಅವಳು ಮೂಸಿ ನೋಡಿದಳು.

"ಕೀಲೆಣ್ಣಿ ಯಾರು ಹಚ್ಚಿದ್ರು?"

ಸುಬ್ಬಾರಾಯರು ತಮ್ಮ ಬಂಡಿಯ ಕಡೆ ನೋಡಿದರು. ಅವಳು ನನ್ನ ಕಡೆ ನೋಡಲಿಲ್ಲ, ಗದ್ದೆಯ ಕಡೆ ನೋಡಿದಳು. ಇಬ್ಬನಿ ಆರುತ್ತಿತ್ತು. ನಮ್ಮೆದುರಿಗೇ ಬಿಳುಪು ಹೋಗಿ ಹುಲ್ಲಿನ ಹಳದಿ ಕಾಣತೊಡಗಿತ್ತು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ದೀಪಾವಳಿಯಿಂದ ಕಾದದ್ದು ಕೈಬಿಟ್ಟುಹೋಗುತ್ತಿದೆ ಎಂಬ ಸಂಕಟವಿತ್ತು.

"ನಾನ ಹಚ್ಚಿದೆ" ಅಂದೆ. ಬಾಯಿ ಬಿಟ್ಟಾಗಿತ್ತಲ್ಲ, ಅಲ್ಲಿಗೇ ಮುಚ್ಚಲಿಲ್ಲ. "ಸರ್, ಹಾರಸೋನು ನಾನಲ್ರಿ. ಒಂದ ದಿನನೂ ಹಾರಿಸಿಲ್ಲ. ಮಾಡಾಕಿ, ಹಾರಸಾಕಿ ಎಲ್ಲಾ ಈಕಿನ."

ನನ್ನ ಜನ್ಮದ ದೊಡ್ಡ ಮಾತಾಡಿದ್ದೆ. ಆದರೆ ಗಿರಿಜಾಳಿಗೆ ಅದನ್ನು ಕೇಳಲು ಪುರಸೊತ್ತಿರಲಿಲ್ಲ. ನನ್ನ ಕೊರಳಲ್ಲಿದ್ದ ಹೊಸ ಮಫ್ಲರನ್ನು ಎಳೆದುಕೊಂಡು ಕೀಲೆಣ್ಣೆ ತಿಕ್ಕಿ ಒರೆಸಿದಳು, ಚೀಲದಿಂದ ಮೇಣದಬತ್ತಿ ತೆಗೆದು ಬಳಿದಳು, ಕಾಲುವೆ ದಂಡೆಯ ಬೇವಿನ ನೆರಳಲ್ಲಿ ಇನ್ನೂ ಬೆಳ್ಳಗಿದ್ದ ಒಂದು ಪಟ್ಟಿ ನೆಲದತ್ತ ವಿಮಾನ ಹಿಡಿದು ಓಡಿದಳು. ನಾವೆಲ್ಲ ಹಿಂದೆ ಓಡಿದೆವು.

ರಿಮೋಟ್ ಈಗ ಅವಳ ಕೈಯಲ್ಲಿತ್ತು. ಕೊರಡುಗಳು ಸುಯ್ ಎಂದು ಹುಲ್ಲಿನ ಮೇಲೆ ಜಾರಿದವು, ನೆರಳು ಮುಗಿಯುವ ಹೊತ್ತಿಗೆ ನೆಲ ಬಿಟ್ಟವು. ವಿಮಾನ ಕಾಲುವೆಯ ಮೇಲೆ ಹೋಗಿ ದೊಡ್ಡದೊಂದು ಸುತ್ತು ಹೊಡೆಯಿತು. ಗದ್ದೆಯಲ್ಲಿದ್ದ ಬೆಳ್ಳಕ್ಕಿಗಳು ಎದ್ದವು, ಸ್ವಲ್ಪ ಹೊತ್ತು ಅವುಗಳ ನಡುವೆ ಇದೂ ಒಂದಾಗಿ ಹಾರಿತು. ನಾನು ಎಷ್ಟೋ ಭಾನುವಾರ ಪಕ್ಕದಲ್ಲೇ ನಿಂತಿದ್ದೆ, ಆದರೆ ಮುಂದಿನ ದಿನ ಏನು ಹೇಳಬೇಕೆಂದು ಜೋಡಿಸಿಕೊಳ್ಳುತ್ತ ನಿಂತಿರುತ್ತಿದ್ದೆ. ಅವಳನ್ನು ನೋಡಿರಲಿಲ್ಲ. ಅಂದು ನೋಡಿದೆ. ಕೆಳತುಟಿ ಕಚ್ಚಿಕೊಂಡು, ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆಯುತ್ತ, ಎಡ ಬಲದ ಗೊಂದಲವೇ ಇಲ್ಲದೆ ಆಕಾಶದಲ್ಲಿ ಗೆರೆ ಎಳೆಯುತ್ತಿದ್ದಳು. ಇಳಿಸುವಾಗ ಪಂಖ ನಿಲ್ಲಿಸಿದಳು. ವಿಮಾನ ಸದ್ದಿಲ್ಲದೆ ತೇಲಿ ಬಂದು, ಅದೇ ಸಣ್ಣ ಬಿಳಿ ಪಟ್ಟಿಯ ಮೇಲೆ ಕೊರಡೂರಿ, ಜಾರಿ, ನಮ್ಮ ಕಾಲಿನಿಂದ ಒಂದು ಗೇಣು ದೂರದಲ್ಲಿ ನಿಂತಿತು. ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ. ಹೆಮ್ಮೆ ಅದಕ್ಕಿಂತ ಭಾಳ ಆಯಿತು.

ಶೇಖರಪ್ಪನವರು ಗಿರಿಜಾಳಿಗೆ ಕೈಮುಗಿದರು. ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು, "ನಮ್ಮ ಸೊಸಿ ಇವರ ಸಾಲ್ಯಾಗ ಕನ್ನಡ ಕಲಸ್ತಾಳ. ಎರಡು ವರ್ಷದಿಂದ ಗೊತ್ತೈತಿ. ನೀವು ಯಾವಾಗ ಹೇಳ್ತೀರಿ ಅಂತ ಕಾಯಾಕತ್ತಿದ್ದೆ" ಅಂದರು. ಮೀಸೆಯೊಳಗಿನ ಆ ನಗುವಿನ ಅರ್ಥ ಆಗ ತಿಳಿಯಿತು.

ಈಗ ನಾನು ತಿದ್ದಿಕೊಂಡಿದ್ದೇನೆ. ಮೊನ್ನೆ ಮನೆಗೆ ಬಂದ ನೆಂಟರೊಬ್ಬರು ಅಲಮಾರಿನ ಮೇಲೆ ನೋಡಿ, ಇದನ್ನ ಯಾರು ಹಾರಸ್ತೀರಿ ಎಂದು ಕೇಳಿದರು. ಒಂದು ಕ್ಷಣವೂ ತಡೆಯದೆ ಗಿರಿಜಾ ಎಂದೆ. ಅವರು ಕಣ್ಣರಳಿಸಿ ಅವಳನ್ನು ಹೊಗಳತೊಡಗಿದರು. ಕೇಳಿ ಕೇಳಿ ನನಗೆ ತಡೆಯಲಾಗಲಿಲ್ಲ. ಹಾರಿಸೋದೇನು ದೊಡ್ಡದಲ್ರಿ, ಇಬ್ಬನಿ ಸರಿಯಾಗಿ ಬಿದ್ದೈತೋ ಇಲ್ಲೋ ಅಂತ ಹೇಳೋದು ಭಾಳ ಸೂಕ್ಷ್ಮದ ಕೆಲಸ, ಅದನ್ನ ನಾನು ನೋಡ್ಕೋತೀನಿ ಎಂದೆ.

ಅಡುಗೆಮನೆಯಿಂದ ಗಿರಿಜಾಳ ದನಿ ಬಂತು.

"ರೀ, ಸುಬ್ಬಾರಾಯರು ಫೋನ್ ಮಾಡ್ಯಾರ. ನಾಳೆ ಇಬ್ಬನಿ ಛಲೋ ಬೀಳತೈತಂತ. ಆ ಕೀಲೆಣ್ಣಿ ಮಫ್ಲರ್ ಒಗದಿಟ್ಟೀನಿ, ತಗೊಳ್ರಿ."