ಗಂಟೆಪೆಟ್ಟಿಗೆಯ ಕೆಂಪು ದೀಪ

ತಪ್ಪು ಯಾರದೆಂದು ಹುಡುಕುವಾಗ ನನ್ನ ಕಣ್ಣು ತೀರ ಚುರುಕು. ಆದರೆ ಅದು ಎಂದೂ ನನ್ನ ಕಡೆ ತಿರುಗುವುದಿಲ್ಲ. ರಾಯಚೂರಿನಲ್ಲಿ ನನ್ನದೊಂದು ಎಲೆಕ್ಟ್ರಾನಿಕ್ಸ್ ರಿಪೇರಿ ಅಂಗಡಿ ಇದೆ. ಶಾಲೆಗಳಿಗೆ, ವೇಳೆಗೆ ಸರಿಯಾಗಿ ತಾನೇ ಹೊಡೆಯುವ ಗಂಟೆಪೆಟ್ಟಿಗೆಯನ್ನೂ ಮಾಡಿ ಕೊಡುತ್ತೇನೆ. ಒಳಗೊಂದು ಗಡಿಯಾರದ ಚಿಪ್, ಕರೆಂಟು ಹೋದಾಗ ಅದು ವೇಳೆ ಮರೆಯದಿರಲೆಂದು ಅಂಗಿಯ ಗುಂಡಿಯಂಥ ಸೆಲ್ಲು. ಐದು ವರ್ಷ ಚಿಂತೆಯಿಲ್ಲ ಎಂದು ಎಲ್ಲರಿಗೂ ಹೇಳುತ್ತೇನೆ. ಹೇಳುವಾಗ ಮುಖವನ್ನು ಎಂಜಿನಿಯರನಂತೆ ಬಿಗಿ ಮಾಡಿಕೊಳ್ಳುತ್ತೇನೆ.

ದೇವದುರ್ಗದ ಒಂದು ಶಾಲೆಯಲ್ಲಿ ಈ ಸೆಲ್ಲು ಹದಿನೈದೇ ದಿನಕ್ಕೆ ಸಾಯತೊಡಗಿತು. ಅಲ್ಲಿ ಇಪ್ಪತ್ತು ವರ್ಷ ಕೈಯಿಂದ ಗಂಟೆ ಹೊಡೆದ ಹಂಗಾಮಿ ಆಯಾ ಯಲ್ಲಮ್ಮ, ಸಂಜೆ ಬೀಗ ಹಾಕುವ ಮುನ್ನ ಮೇನ್ ಸ್ವಿಚ್ ಬಂದ್ ಮಾಡುತ್ತಾಳೆಂದು ತಿಳಿಯಿತು. ಅಷ್ಟೇ ಸಾಕಾಯಿತು. ಗಂಟೆ ಕೈತಪ್ಪಿದ ಸಿಟ್ಟಿಗೆ ಹೀಗೆ ಮಾಡುತ್ತಾಳೆಂದು ಹೆಡ್‌ಮಾಸ್ತರರ ಕಿವಿಯಲ್ಲಿ ಊದಿ, ಹೊಸ ಸೆಲ್ಲು ಹಾಕಿ, ಮಾನ್ವಿಗೆ ಇನ್ನೊಂದು ಪೆಟ್ಟಿಗೆ ಮಾರಲು ಬಸ್ಸು ಹತ್ತಿದೆ. ಆ ಸೆಲ್ಲೂ ಮುಗಿಯುತ್ತ ಬಂದಿದ್ದ ಪರೀಕ್ಷೆಯ ದಿನ ಕರೆಂಟು ಹೋಗಿ ಬಂದದ್ದೇ ತಡ, ಪೆಟ್ಟಿಗೆ ವೇಳೆ ಮರೆತು ಅರ್ಧ ಪರೀಕ್ಷೆಗೇ ಮನೆಗೆ ಬಿಡುವ ಗಂಟೆ ಹೊಡೆಯಿತು. ಮಕ್ಕಳು ಪತ್ರಿಕೆ ಕೊಟ್ಟು ಓಡಿದರು. ಇನ್ನು ಯಲ್ಲಮ್ಮನನ್ನು ಕೆಲಸದಿಂದ ತೆಗೆಯುವುದೇ ಸರಿ ಎಂದು ಹೆಡ್‌ಮಾಸ್ತರರು ನಿಶ್ಚಯಿಸಿದರು.

ಮರುದಿನ ನಾನು ಪೆಟ್ಟಿಗೆ ಬಿಚ್ಚಿ ಮತ್ತೊಂದು ಸೆಲ್ಲು ಹಾಕುವಾಗ ಆಕೆ ಪಕ್ಕದಲ್ಲೇ ನಿಂತಿದ್ದಳು. ಪೆಟ್ಟಿಗೆಯತ್ತ ಬೆರಳು ಮಾಡಿ ಕೇಳಿದಳು: "ಸರ, ನಾ ಮೇನ್ ಬಂದ್ ಮಾಡಿದ ಮ್ಯಾಲೂ ಇದರಾಗ ಸಣ್ಣ ಕೆಂಪು ದೀಪ ಉರೀತಿರತದರಿ. ಅದಕ್ಕ ಕರೆಂಟ್ ಎಲ್ಲಿಂದ ಬರತದರಿ?"

ಮೇನ್ ಬಂದ್ ಮಾಡಿ ತೋರಿಸಿದಳು. ದೀಪ ಮಂಕಾಗಿ ಉರಿಯುತ್ತಲೇ ಇತ್ತು. ಸೆಲ್ಲಿನ ಶಕ್ತಿ ಗಡಿಯಾರ ಬಿಟ್ಟು ಬೇರೆಡೆ ಹರಿಯದಂತೆ ತಡೆಯುವ ಡಯೋಡನ್ನು ನಾನು ಹಾಕಿಯೇ ಇರಲಿಲ್ಲ. ಬೀಗ ಬಿದ್ದ ಮೇಲೆ ಆ ಬಡ ಸೆಲ್ಲು ಒಂಟಿಯಾಗಿ ಇಡೀ ಪೆಟ್ಟಿಗೆಯ ಸಂಸಾರ ತೂಗಿಸುತ್ತಿತ್ತು. ನನಗೆ ನಾಚಿಕೆಯಾಯಿತು.

ಕಾರಣವನ್ನು ರಿಜಿಸ್ಟರಿನಲ್ಲಿ ಬರೆಯಿರಿ ಎಂದರು ಹೆಡ್‌ಮಾಸ್ತರರು. ನಾಚಿಕೆಯಾದರೂ ಕೈ ಜಾಣತನ ಬಿಡಲಿಲ್ಲ. 'ತಾಂತ್ರಿಕ ದೋಷದಿಂದ ಗಂಟೆ ತಪ್ಪಿತು' ಎಂದು ಬರೆದೆ. ಓದು ಬಾರದ ಯಲ್ಲಮ್ಮ ಓದಿಸಿ ಕೇಳಿದಳು.

"ಅಂದ್ರ ಯಾರ ತಪ್ಪರಿ?"

ಆ ಸಾಲು ಹೊಡೆದುಹಾಕಿ ನನ್ನ ಹೆಸರು ಬರೆದೆ. ಆಕೆ ಅದನ್ನೂ ಓದಿಸಿದಳು, ಎರಡು ಸಲ.

ಡಯೋಡು ಹಾಕಿ ತರಲೆಂದು ಪೆಟ್ಟಿಗೆ ಬಗಲಲ್ಲಿಟ್ಟುಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೊರಟಾಗ ಹಿಂದಿನಿಂದ ಯಲ್ಲಮ್ಮ ಹೊಡೆದ ಕಬ್ಬಿಣದ ಗಂಟೆ ಕೇಳಿಸಿತು. ತಟ್ಟನೆ ಮೊಬೈಲು ತೆಗೆದು ವೇಳೆ ನೋಡಿದೆ. ಒಂದು ನಿಮಿಷವಾದರೂ ತಪ್ಪಿರಲಿ ಎಂಬ ಆಸೆ ಆಗಲೂ ಇತ್ತು.