ಕಣ್ಣೆದುರೇ ಇಲ್ಲದ ಫೈಲುಗಳು

ಬೋವಿಕಾನದಲ್ಲಿ ಒಂದು ಹೊಲಿಗೆ ಅಂಗಡಿಯ ಮಾಳಿಗೆಯಲ್ಲಿ ನಾವು ಮೂವರು ಸೇರಿ ಹಾಲಿನ ಸೊಸೈಟಿಗಳಿಗೆ ಮಾತಾಡುವ ಯಂತ್ರ ಮಾಡುತ್ತಿದ್ದೆವು. ಅದು ಸದಸ್ಯರ ನಂಬರ್ ಕರೆಯುತ್ತದೆ, ಎಷ್ಟು ಲೀಟರ್ ಎಂದು ಹೇಳುತ್ತದೆ. ಒಳಗೆ ಲಿನಕ್ಸ್ ಓಡುವ ಅಂಗೈಯಗಲದ ಬೋರ್ಡು. ಅದರ ಪ್ರೋಗ್ರಾಮು ಒಂಟಿಯಾಗಿ ಓಡುವುದಿಲ್ಲ. ಧ್ವನಿಗೆ ಒಂದು, ಅಂಕೆಗೆ ಒಂದು ಅಂತ ಲೈಬ್ರರಿ ಎನ್ನುವ ಫೈಲುಗಳನ್ನು ಜೊತೆಗೆ ಕರೆಯುತ್ತದೆ. ಕರೆದಾಗ ಅವು ಬಾರದಿದ್ದರೆ ಎಂತೆಂತದೋ ಆಗುತ್ತದೆ. ನಮಗಂತೂ ಆಗುತ್ತಲೇ ಇತ್ತು.

೧. ಉಂಟು, ಇಲ್ಲ

ಒಂದು ಮಧ್ಯಾಹ್ನ ಬೋರ್ಡು ಧ್ವನಿಯ ಲೈಬ್ರರಿ ಇಲ್ಲ ಎಂದಿತು. ನೋಡಿದೆ, ಫೈಲು ಅಲ್ಲಿಯೇ ಉಂಟು. ಪುನಃ ಓಡಿಸಿದೆ, ಇಲ್ಲ ಎಂದಿತು. ಕೆಳಗೆ ಹೊಲಿಗೆ ಮೆಷಿನಿನ ಸದ್ದು ಕೂಡ ನಿಂತಿತ್ತು.

"ಎಂತ ಆಯಿತು?" ಎಂದಿತು ಬೆನ್ನ ಹಿಂದಿನಿಂದ ಒಂದು ಸ್ವರ. ಬೆಚ್ಚಿಬಿದ್ದೆ. ಕೆಳಗಿನ ಟೈಲರಕ್ಕ.

"ಈ ಫೈಲು ನನಗೆ ಕಾಣುತ್ತದೆ ಅಕ್ಕ, ಇದಕ್ಕೆ ಕಾಣುವುದಿಲ್ಲ."

ಲ್ಯಾಪ್‌ಟಾಪಿಗೆಂದು ಮಾಡಿದ ಫೈಲನ್ನು ಬೋರ್ಡಿಗೆ ಹಾಕಿದ್ದೆ, ಅದಕ್ಕೆ ಗುರುತು ಸಿಗಲಿಲ್ಲ ಎಂದು ಗೊತ್ತಾದದ್ದು ಸಂಜೆ. ಅಷ್ಟರಲ್ಲಿ ಅಕ್ಕ ಹೇಳಿಯಾಗಿತ್ತು: "ಹಾಗಾದರೆ ಮೆಷಿನನ್ನು ಬಿಡಿ, ನಿಮ್ಮನ್ನೇ ಒಮ್ಮೆ ಯಾರಿಗಾದರೂ ತೋರಿಸಬೇಕು."

೨. ಹೋದವನು

ನಮ್ಮಲ್ಲೊಬ್ಬ ಕೆಲಸ ಬಿಟ್ಟು ದುಬೈಗೆ ಹೋದ. ಸರ್ವರಿನಿಂದ ಅವನ ಹೆಸರು, ಫೋಲ್ಡರು ಎಲ್ಲ ಅಳಿಸಿದೆವು. ಮರುದಿನ ಪ್ರೋಗ್ರಾಮು ಕಟ್ಟಲು ಕೂತರೆ ಪರದೆ ತುಂಬ ಅವನದೇ ಹೆಸರು. ಸಾಲಿನ ಮೇಲೆ ಸಾಲು, ಕಂಪ್ಯೂಟರು ಅವನನ್ನೇ ಹುಡುಕುತ್ತಿತ್ತು. ಪುಣ್ಯಾತ್ಮ ಲೈಬ್ರರಿಗಳನ್ನೆಲ್ಲ ತನ್ನ ಫೋಲ್ಡರಿನಲ್ಲೇ ಇಟ್ಟಿದ್ದ. ಅವನ ಹೆಸರಿನಲ್ಲಿ ಮತ್ತೆ ಫೋಲ್ಡರು ಮಾಡಿ, ಬ್ಯಾಕಪ್ಪಿನಿಂದ ಫೈಲು ತಂದಿಟ್ಟ ಮೇಲೆಯೇ ಅದು ಸುಮ್ಮನಾದದ್ದು.

ಫೋನ್ ಮಾಡಿ ಹೇಳಿದೆ: "ನೀನು ಇನ್ನೂ ಇಲ್ಲಿಯೇ ಇದ್ದಿ. ನೀನಿಲ್ಲದೆ ಯಂತ್ರ ಏಳುವುದಿಲ್ಲ."

ಅವನು ಮೆಲ್ಲ ಕೇಳಿದ: "ನಾನು ಅಲ್ಲಿ ಇರುವುದಾದರೆ, ಇಲ್ಲಿ ಬೆವರುತ್ತಿರುವುದು ಯಾರು ಮಾರಾಯ?"

೩. ಹದಿನೇಳು

ಕುಂಬ್ಡಾಜೆ ಕಡೆಯ ಸೊಸೈಟಿಯೊಂದರಲ್ಲಿ ನಮ್ಮ ಯಂತ್ರ ಒಂದು ವಾರದಿಂದ ಮಾತು ಬಿಟ್ಟಿತ್ತು. ಸರಿಯಾಗದಿದ್ದರೆ ಹೊತ್ತುಕೊಂಡು ಹೋಗಿ ಎಂದಿದ್ದರು ಸೆಕ್ರೆಟರಿ. ಬೆಳಗ್ಗೆ ಹೋಗಿ ನೋಡಿದರೆ, ಹೊಸ ಪ್ರೋಗ್ರಾಮಿನ ಜೊತೆ ಧ್ವನಿಯ ಲೈಬ್ರರಿ ಹಾಕಲು ಮರೆತಿದ್ದೆವು. ಹಾಕಿದೆ. ವಾರವಿಡೀ ಹೇಳಲಾಗದ ಮಾತೆಲ್ಲ ಅದರ ಹೊಟ್ಟೆಯಲ್ಲಿ ಉಳಿದಿದೆ ಎಂದು ನನಗೆ ಹೊಳೆಯಲಿಲ್ಲ.

ಹತ್ತು ಹನ್ನೆರಡು ಜನ ಕ್ಯಾನ್ ಹಿಡಿದು ಸಾಲಿನಲ್ಲಿದ್ದರು. ಯಂತ್ರ ಹೆಣ್ಣುಸ್ವರದಲ್ಲಿ ನಿಧಾನವಾಗಿ ಕರೆಯಿತು: "ನಂಬರ್ ಹದಿನೇಳು, ಹಾಲು ತನ್ನಿ."

ಸಾಲು ಸ್ತಬ್ಧವಾಯಿತು. ಮುಂದಿದ್ದ ಹೆಂಗಸು ಕ್ಯಾನನ್ನು ಎದೆಗೊತ್ತಿಕೊಂಡು ಹಿಂದೆ ಸರಿದಳು.

"ಹದಿನೇಳು ಯಾರು?" ಎಂದು ಕೇಳಿದೆ.

"ಮೊನ್ನೆ ತೀರಿಹೋದರು," ಸೆಕ್ರೆಟರಿ ಪಿಸುಗುಟ್ಟಿದರು.

"ನಂಬರ್ ಹದಿನೇಳು, ಹಾಲು ತನ್ನಿ."

ಹೊರಗೆ ಜಲ್ಲಿಯ ಮೇಲೆ ಯಾರೋ ನಡೆದು ಬರುವ ಸದ್ದು, ಜೊತೆಗೆ ಕ್ಯಾನಿನ ಮುಚ್ಚಳದ ಕಟಕಟ. ಹಾಲು ತರುವ ಯಾರೋ ಇರಬೇಕು. ಆದರೂ ಒಬ್ಬರೂ ತಿರುಗಿ ನೋಡಲಿಲ್ಲ. ನಾನು ಲ್ಯಾಪ್‌ಟಾಪನ್ನು ಹತ್ತಿರ ಎಳೆದುಕೊಂಡೆ.

"ಒಂದು ನಿಮಿಷ, ಇದು ಹಳೆಯ ಮಾತು, ಅಳಿಸುತ್ತೇನೆ," ಎಂದೆ.

"ಅದೆಲ್ಲ ಆಮೇಲೆ," ಎಂದರು ಸೆಕ್ರೆಟರಿ, ಬಾಗಿಲಿಗೆ ಬೆನ್ನು ಹಾಕಿಯೇ. "ಅವರು ಬಂದು ಮುಟ್ಟುವ ಮೊದಲು ಸ್ವಿಚ್ ಆಫ್ ಮಾಡಿ ಮಾರಾಯರೆ."