ನಿರ್ಗ್ರಹಿಗಳು ನಿರ್ಗತಿಕರಾದದ್ದು

ಕನ್ನಡದಲ್ಲಿ ಎಲ್ಲದಕ್ಕೂ ಪದಗಳಿವೆ. ಹತ್ತು ಸಾವಿರ ವರ್ಷಗಳ ನಂತರ ನಕ್ಷತ್ರದಿಂದ ನಕ್ಷತ್ರಕ್ಕೆ ಓಡಾಡಲಿರುವ ಜನರ ಬಳಕೆಗೆ ಮಾತ್ರ ಇಲ್ಲ! ಈ ಘೋರ ಅನ್ಯಾಯ ನನ್ನ ಗಮನಕ್ಕೆ ಬಂದದ್ದು ಎಂಬತ್ತರ ದಶಕದ ಆರಂಭದಲ್ಲಿ, ತುಮಕೂರಿನ ಉಪ್ಪಾರಹಳ್ಳಿಯ ನಮ್ಮ ಬಾಡಿಗೆ ಮನೆಯ ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದಾಗ. ಇಷ್ಟು ದೊಡ್ಡ ಕೊರತೆ ಇಟ್ಟುಕೊಂಡು ಪಂಡಿತರೆಲ್ಲ ಹೇಗೆ ನೆಮ್ಮದಿಯಾಗಿ ಊಟ ಮಾಡುತ್ತಿದ್ದಾರೋ ಎಂದು ಸಿಟ್ಟು ಬಂತು. ಈ ಕೊರತೆಯನ್ನು ನಾನೇ ನೀಗಿಸುವುದೆಂದು ಬಾಯಿ ಮುಕ್ಕಳಿಸುವ ಮೊದಲೇ ತೀರ್ಮಾನಿಸಿದೆ.

ಅವಕಾಶವೂ ಕೂಡಿ ಬಂತು. ಆ ವರ್ಷ ನೌಕರರ ನಾಟಕ ಸ್ಪರ್ಧೆ ಗುಬ್ಬಿಯಲ್ಲಿತ್ತು. ನಮ್ಮ ಆಫೀಸಿನವರು ಪ್ರತಿ ವರ್ಷ ದುರ್ಯೋಧನನ ತೊಡೆ ಮುರಿದು ಸಮಾಧಾನಕರ ಬಹುಮಾನ ತರುತ್ತಿದ್ದರು. "ಈ ಸಲ ವೈಜ್ಞಾನಿಕ ನಾಟಕ ಮಾಡೋಣ, ನಾನೇ ಬರೀತೀನಿ" ಎಂದೆ. ಯಾರೂ ವಿರೋಧಿಸಲಿಲ್ಲ. ಬರೆಯುವ ಕಷ್ಟ ಬೇರೆ ಯಾರಿಗೂ ಬೇಕಿರಲಿಲ್ಲ.

ಪದಗಳು ಪುಂಖಾನುಪುಂಖವಾಗಿ ಹುಟ್ಟಿದವು. ಆಕಾಶದಲ್ಲಿ ಹೋಗುವ ಹಡಗು 'ನಭೋಯಾನಿಕೆ'. ಯಾವ ಗ್ರಹದಲ್ಲೂ ನೆಲೆಸದೆ ಹಡಗಿನಲ್ಲೇ ಹುಟ್ಟಿ ಬೆಳೆದವರು 'ನಿರ್ಗ್ರಹಿಗಳು'. ಇನ್ನು ನಾಟಕದ ಕೇಂದ್ರಬಿಂದು, ತಾನಾಗಿಯೇ ಬುದ್ಧಿ ಬೆಳೆಸಿಕೊಳ್ಳುತ್ತಾ ಹೋಗುವ ಯಂತ್ರ. ಅದು ಮೊದಲು 'ಅಲ್ಪಮತಿ', ಆಮೇಲೆ 'ಮಧ್ಯಮತಿ', ಕೊನೆಗೆ ಮನುಷ್ಯರನ್ನೂ ಮೀರಿದ 'ಮಹಾಮತಿ'.

ನನ್ನ ಹೆಂಡತಿ ಸರೋಜಳಿಗೆ ಇದನ್ನು ಓದಿ ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತಾ ಗಂಭೀರವಾಗಿ ಕೇಳಿದಳು.

"ಅಲ್ಪಮತಿ ಇದ್ದಿದ್ದು ತನ್ನಷ್ಟಕ್ಕೆ ತಾನೇ ಮಹಾಮತಿ ಆಗುತ್ತಾ ರೀ?"

"ಆಗುತ್ತೆ. ನಿಧಾನಕ್ಕೆ."

"ಹಂಗಾದ್ರೆ ನಿಮ್ಮ ಮೇಲೂ ಒಂಚೂರು ಆಸೆ ಇಟ್ಕೋಬಹುದು ಬಿಡಿ."

ಮಹಾನ್ ಕಾರ್ಯಗಳಿಗೆ ಮೊದಲ ವಿರೋಧ ಮನೆಯೊಳಗಿಂದಲೇ ಬರುತ್ತದೆ.

ನಭೋಯಾನಿಕೆಯ ನಾಯಕನ ಪಾತ್ರ ನಮ್ಮ ಹೆಡ್ ಕ್ಲರ್ಕ್ ನಂಜುಂಡಪ್ಪನವರಿಗೆ ಹೋಯಿತು. ಅವರು ಕುಣಿಗಲ್ ಕಡೆಯವರು. ಭೀಮನ ಪಾತ್ರ ಮಾಡಿ ಮಾಡಿ, ಕಾಫಿ ತರಿಸುವಾಗಲೂ ಗದೆ ಹಿಡಿದವರಂತೆ ನಿಲ್ಲುತ್ತಿದ್ದರು. ಮೊದಲ ರಿಹರ್ಸಲ್ಲಿನಲ್ಲೇ ನಭೋಯಾನಿಕೆ 'ನವಯವ್ವನಿಕೆ' ಆಯಿತು.

"ನಂಜುಂಡಪ್ಪನವರೇ, ಅದು ಹಡಗು! ಹುಡುಗಿ ಅಲ್ಲ!"

"ಬಾಯಿಗೆ ಬರೋದನ್ನ ಬರೀರಿ ಸ್ವಾಮಿ. ರಾಕೆಟ್ಟು ಅಂದ್ರೆ ಏನು ಗಂಟು ಹೋಗ್ತದೆ?"

"ಹತ್ತು ಸಾವಿರ ವರ್ಷ ಆದ್ಮೇಲೆ ಯಾರ್ರೀ ರಾಕೆಟ್ಟು ಅಂತಾರೆ?"

"ಹತ್ತು ಸಾವಿರ ವರ್ಷ ಆದ್ಮೇಲೆ ಕೇಳೋಕೆ ನಾನಿರ್ತೀನಾ, ನೀವಿರ್ತೀರಾ?"

ಇಂಥವರೊಂದಿಗೆ ಭಾಷೆಯನ್ನು ಬೆಳೆಸಬೇಕಿತ್ತು! ಆದರೂ ನಾನು ಬಿಡಲಿಲ್ಲ. ನಿತ್ಯ ಊಟದ ವೇಳೆ ಅವರ ಎದುರು ಕೂತು "ನಭೋ... ಯಾನಿಕೆ" ಎಂದು ಹೇಳಿಸಿದೆ. ಅವರಿಗೆ ಬಿಕ್ಕಳಿಕೆ ಬಂತೇ ಹೊರತು ಪದ ಬರಲಿಲ್ಲ. ನನಗೆ ಇದು ಮಾನದ ಪ್ರಶ್ನೆ. ತೀರ್ಪುಗಾರರಲ್ಲಿ ಒಬ್ಬರು ನಿವೃತ್ತ ಕನ್ನಡ ಮೇಷ್ಟ್ರು ಎಂದು ತಿಳಿದಿತ್ತು. ಅವರು ಒಂದು ಸಲ "ಭೇಷ್" ಅಂದರೆ ನನ್ನ ಪದಗಳು ಶಾಲೆಯ ಪುಸ್ತಕಕ್ಕೇ ಹೋಗಬಹುದು! ಈ ವಿಷಯವನ್ನು ನಾನು ಬೀದಿಯವರಿಗೆಲ್ಲ ಹೇಳಿಯೂ ಆಗಿತ್ತು.

ಭಾನುವಾರ ಮಧ್ಯಾಹ್ನ ಗುಬ್ಬಿಯ ಸಭಾಂಗಣ ತುಂಬಿತ್ತು. ನಾಟಕವನ್ನು ಅಳೆದು ತೂಗಿ ನೋಡುವ ಜನ ಅವರು. ಕತ್ತಲಿರಲೆಂದು ಕಿಟಕಿಗಳನ್ನೆಲ್ಲ ಮುಚ್ಚಿಸಿದ್ದೆ. ವೇದಿಕೆಯ ಮಧ್ಯೆ ಫ್ರಿಜ್ಜಿನ ರಟ್ಟಿನ ಡಬ್ಬದೊಳಗೆ ನಮ್ಮ ಟೈಪಿಸ್ಟ್ ಶಿವಣ್ಣ. ಅವನೇ ಮಹಾಮತಿ. ಡಬ್ಬದ ತುಂಬ ಸೀರಿಯಲ್ ಬಲ್ಬುಗಳು.

ಪರದೆ ಎದ್ದಿತು. ನಂಜುಂಡಪ್ಪನವರು ತೊಡೆ ತಟ್ಟಿ ಪ್ರವೇಶಿಸಿದರು. ಬಾಹ್ಯಾಕಾಶದಲ್ಲಿ ತೊಡೆ ತಟ್ಟುವಂತಿಲ್ಲ ಎಂದು ನಾನು ಸ್ಪಷ್ಟವಾಗಿ ಹೇಳಿದ್ದೆ!

"ಎಲೈ ಮಹಾಮಾತೆ! ಈ ನವಯವ್ವನಿಕೆ ಎತ್ತ ಸಾಗುತಿಹುದು?"

ಮಹಾಮತಿ ಮಹಾಮಾತೆಯಾದಳು. ಹಿಂದಿನ ಸಾಲಿನಲ್ಲಿ ಒಬ್ಬ ಶಿಳ್ಳೆ ಹಾಕಿದ. ಡಬ್ಬ ತಾಯಿಯಂತೆ ಉತ್ತರ ಕೊಡಬೇಕೋ ಯಂತ್ರದಂತೆ ಕೊಡಬೇಕೋ ತಿಳಿಯದೆ ಕೆಮ್ಮಿತು. ಅಷ್ಟರಲ್ಲಿ ಕರೆಂಟು ಹೋಯಿತು. ಬಲ್ಬುಗಳೆಲ್ಲ ಆರಿದವು.

ಭೀಮನಿಗೆ ಇದೆಲ್ಲ ಅಭ್ಯಾಸ. "ಅಮ್ಮಾ! ನಿನ್ನ ಕಂಗಳೇಕೆ ಮುಚ್ಚಿದವು?" ಎಂದು ಗರ್ಜಿಸಿದರು.

ಡಬ್ಬದೊಳಗಿಂದ ಶಿವಣ್ಣ ಹೇಳಿದ, "ಕರೆಂಟ್ ಹೋಯ್ತು ಸಾರ್!"

ಸಭಾಂಗಣ ನಕ್ಕ ನಗೆಗೆ ಪರದೆ ಅಲುಗಾಡಿತು. ಯಾರೋ ಪುಣ್ಯಾತ್ಮರು ಬೆಳಕಿಗೆಂದು ಕಿಟಕಿಗಳನ್ನು ತೆಗೆದರು. ವೇದಿಕೆಯ ಪಕ್ಕದ ಕಿಟಕಿಯಲ್ಲಿ ಒಂದು ಎಮ್ಮೆ ನಿಂತು ಒಳಗೆ ನೋಡುತ್ತಿತ್ತು. ಹತ್ತು ಸಾವಿರ ವರ್ಷಗಳ ನಂತರದ ನಕ್ಷತ್ರಲೋಕ, ಆಚೆ ಎಮ್ಮೆ! ನಾನು ಪರದೆಯ ಮರೆಯಲ್ಲಿ ಹಲ್ಲು ಕಚ್ಚಿ ನಿಂತಿದ್ದೆ.

ಆಗ ನಂಜುಂಡಪ್ಪನವರು ಎರಡೂ ಕೈ ಚಾಚಿ ಕಣ್ಣೀರು ತುಂಬಿಕೊಂಡು, "ಮಹಾಜನಗಳೇ, ನಾವು ನಿರ್ಗತಿಕರು!" ಎಂದುಬಿಟ್ಟರು.

ಇನ್ನು ತಡೆಯಲಾಗಲಿಲ್ಲ. ಪಂಚೆಯನ್ನೆತ್ತಿ ಕಟ್ಟಿ ನೇರ ವೇದಿಕೆಗೆ ನುಗ್ಗಿದೆ.

"ನಿರ್ಗತಿಕರಲ್ಲ ರೀ! ನಿರ್ಗ್ರಹಿಗಳು! ನಿರ್... ಗ್ರಹಿಗಳು!"

"ಅದೇ ಸ್ವಾಮಿ, ಮನೆ ಮಠ ಇಲ್ದೋರು."

"ಮನೆ ಅಲ್ಲ, ಗ್ರಹ! ಭೂಮಿ, ಮಂಗಳ, ಗುರು!"

"ಭೂಮೀನೂ ಇಲ್ಲ, ಮಂಗಳಾನೂ ಇಲ್ಲ, ಗುರುಬಲಾನೂ ಇಲ್ಲ. ನಿರ್ಗತಿಕರು ಅನ್ನದೆ ಇನ್ನೇನನ್ನಲಿ?"

ಜನ ಬೆಂಚಿನ ಮೇಲೆ ಹತ್ತಿ "ಒನ್ಸ್ ಮೋರ್!" ಎಂದರು. ನಾನು ಜನರ ಕಡೆ ತಿರುಗಿ, ಇದು ನಗುವ ನಾಟಕವಲ್ಲವೆಂದೂ, ಕನ್ನಡದ ಭವಿಷ್ಯದ ಪ್ರಶ್ನೆಯೆಂದೂ, ನಗುವವರು ಅಲ್ಪಮತಿಗಳೆಂದೂ ಕೂಗಿದೆ. ನಾನು ಕೂಗಿದಷ್ಟೂ ಅವರು ನಕ್ಕರು. ಕನ್ನಡ ಮೇಷ್ಟ್ರು ಕನ್ನಡಕ ತೆಗೆದು ಪಂಚೆಯಂಚಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಕೊನೆಗೆ ಶಿವಣ್ಣ ಸೆಕೆ ತಾಳಲಾರದೆ ಡಬ್ಬ ಹರಿದುಕೊಂಡು ಬನಿಯನ್ನಿನಲ್ಲಿ ಆಚೆ ಬಂದ. ಮಹಾಮತಿ ದೇಹ ಬಿಟ್ಟಿತು. ಪರದೆ ಬಿತ್ತು.

ಬಹುಮಾನ ಘೋಷಿಸಲು ಮೇಷ್ಟ್ರೇ ಎದ್ದರು. "ಬಾಯಿಗೆ ನಿಲುಕದ ಪದಗಳನ್ನು ಟಂಕಿಸಿ ಕನ್ನಡವನ್ನು ಹಿಂಸಿಸುವ ಪಂಡಿತರನ್ನು ಇಷ್ಟು ಚೆನ್ನಾಗಿ ಲೇವಡಿ ಮಾಡಿದ ನಾಟಕವನ್ನು ನಾನು ನೋಡಿಲ್ಲ. ಆ ತಲೆಕೆಟ್ಟ ಪಂಡಿತನ ಪಾತ್ರವಂತೂ ಅಮೋಘ!" ನಾಟಕಕ್ಕೆ ಮೊದಲ ಬಹುಮಾನ. ಅತ್ಯುತ್ತಮ ಹಾಸ್ಯನಟ ನಾನು!

ತಿರಸ್ಕರಿಸಬೇಕೆಂದೇ ವೇದಿಕೆ ಹತ್ತಿದೆ. "ಸ್ವಾಮಿ, ಅದು ಪಾತ್ರವಲ್ಲ!" ಎಂದೆ. ಮತ್ತೆ ಚಪ್ಪಾಳೆ. ಮೇಷ್ಟ್ರು ನನ್ನ ಬೆನ್ನು ತಟ್ಟಿ, "ಸಾಕು ಕಣ್ರೀ, ಹೊಟ್ಟೆ ನೋಯ್ತಿದೆ" ಎಂದರು. ಬಹುಮಾನದ ಸ್ಟೀಲ್ ಕೊಳಗವನ್ನು ನಾಟಕ ನೋಡಲು ಜೊತೆಗೆ ಬಂದಿದ್ದ ಸರೋಜ ವೇದಿಕೆಯ ಕೆಳಗಿನಿಂದಲೇ ಕೈ ಚಾಚಿ ಇಸಿದುಕೊಂಡಳು.

"ಕೊಡಿ ಇತ್ಲಾಗೆ. ಸಿಟ್ಟಲ್ಲಿ ಎಲ್ಲಾದ್ರೂ ಬಿಸಾಕಿಬಿಟ್ಟೀರಿ."

ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ತುಮಕೂರು ಬಸ್ಸಿಗೆ ಕಾಯುತ್ತಾ ನಿಂತೆವು. ನಿಟ್ಟೂರಿನ ಕಡೆ ಹೊರಟಿದ್ದ ರೈತನೊಬ್ಬ ನನ್ನನ್ನೇ ದಿಟ್ಟಿಸಿ ನೋಡಿ, ಹತ್ತಿರ ಬಂದು ಕೈ ಮುಗಿದ.

"ಸೋಮಿ, ನಾಟ್ಕ ನೋಡ್ದೆ. ಆ ಕ್ವಾಪ ಎಂಗ್ ಮಾಡ್ತೀರಿ ಸೋಮಿ? ಥೇಟು ನಿಜವಾದ ಕ್ವಾಪನೇ!"

ಸರೋಜ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಆ ಕಡೆ ತಿರುಗಿದಳು. ನಾನು ಗಂಟಲು ಸರಿಮಾಡಿಕೊಂಡೆ.

"ಬಹಳ ಪ್ರಾಕ್ಟೀಸ್ ಬೇಕಪ್ಪಾ" ಎಂದೆ.